ಮೈದುನನನ್ನು ಕ್ಷಮಿಸಿದರೆ ಬೆನ್ನುನೋವು ಹೋಗುತ್ತದೆಯೇ?

‘ನಾನು ಕ್ಷಮಿಸದೇ ಇರುವುದರಿಂದಲೇ ನನ್ನ ಬೆನ್ನು ನೋಯುತ್ತಿದೆಯೇ?’ ಎಂದು ಹಾಸನ ಜಿಲ್ಲೆಯ ಓದುಗರೊಬ್ಬರು ಕೇಳಿದ್ದಾರೆ.

ಇಲ್ಲ, ತಾಯಿ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೋವಿನಲ್ಲಿ ಇರುವವರನ್ನು ಅಂಕಣದ ಕೊನೆಯ ಸಾಲಿನವರೆಗೆ ಕಾಯಿಸುವುದು ನನಗೆ ಸೇರದು. ನಿಮ್ಮ ಬೆನ್ನು ನೋಯುತ್ತಿರುವುದು ಅದರ ಮೂಳೆ ಮುರಿದದ್ದರಿಂದ. ಈ ವಾರ ಬಂದ ಬೇರೆ ಪತ್ರಗಳನ್ನೆಲ್ಲ ಬದಿಗಿಟ್ಟು ನಿಮ್ಮದನ್ನೇ ಎತ್ತಿಕೊಂಡದ್ದಕ್ಕೆ ಮಾತ್ರ ಕಾರಣ ಬೇರೆ ಇದೆ. ನೀವು ಕೇಳದೇ ಬಿಟ್ಟ ಒಂದು ಪ್ರಶ್ನೆ ನನ್ನನ್ನು ಹಿಡಿದು ಕೂರಿಸಿತು.

ಉಳಿದ ಓದುಗರಿಗಾಗಿ ಸಂಗತಿ ಇಷ್ಟು. ಇವರಿಗೆ ನಲವತ್ತೇಳು ವರ್ಷ. ಹನ್ನೊಂದು ವರ್ಷದ ಹಿಂದೆ ನೆಂಟರೊಬ್ಬರ ಬೀಗರ ಊಟ ಮುಗಿಸಿ ಹೊರಟಾಗ ಕಾರಿನಲ್ಲಿ ಜಾಗ ಸಾಲಲಿಲ್ಲ. ‘ನೀನು ಅವನ ಬೈಕಿನಲ್ಲಿ ಬಾ’ ಎಂದರು ಗಂಡ. ಅವನು ಎಂದರೆ ಮೈದುನ, ಆಗಿನ್ನೂ ಇಪ್ಪತ್ತನಾಲ್ಕರ ಹುಡುಗ, ಮಧ್ಯಾಹ್ನದಿಂದ ಕುಡಿದಿದ್ದ. ಊರು ಹತ್ತಿರ ಬಂದಾಗ ಬಣ್ಣ ಬಳಿಯದ ಹಂಪಿನ ಮೇಲೆ ಬೈಕ್ ಹಾರಿತು. ಅವನ ಮೊಣಕೈ ತರಚಿತು. ಇವರಿಗೆ ಸೊಂಟದ ಮೊದಲ ಕಶೇರು, ಎಂದರೆ ಬೆನ್ನೆಲುಬಿನ ಒಂದು ಮಣಿ, ಮುರಿಯಿತು. ರಾಡು, ಸ್ಕ್ರೂ ಹಾಕಿದ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಮಂಚ, ಬಳೆ ಅಡವಿಟ್ಟು ತಂದ ಸಾಲ. ಅಂದಿನಿಂದ ನೋವಿಲ್ಲದ ದಿನವಿಲ್ಲ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾಗದು, ಎಡಗಾಲಿನುದ್ದಕ್ಕೂ ಉರಿ, ರಾತ್ರಿ ಮಗ್ಗುಲು ಬದಲಿಸಬೇಕಾದರೆ ಮಂಚದ ಅಂಚು ಹಿಡಿದು ಉಸಿರು ಬಿಗಿಹಿಡಿಯಬೇಕು. ಮೈದುನ ಈ ತನಕ ‘ತಪ್ಪಾಯಿತು ಅತ್ತಿಗೆ’ ಎಂದಿಲ್ಲ. ಈಗ ಅವನು ಮನೆ ಕಟ್ಟಿಸಿದ್ದಾನೆ. ಬರುವ ತಿಂಗಳು ಗೃಹಪ್ರವೇಶ, ಹಿರಿ ಸೊಸೆಯಾದ ಇವರೇ ಹಾಲುಕ್ಕಿಸಬೇಕೆಂದು ಮನೆಯವರ ಅಪೇಕ್ಷೆ. ಗಂಡನ ಅಕ್ಕ ದಿನವೂ ಬೆಳಗಿನ ಆರು ಗಂಟೆಗೆ ಪ್ರವಚನದ ವಿಡಿಯೊ ಕಳುಹಿಸುತ್ತಾರೆ: ದ್ವೇಷ ಬೆನ್ನಿನಲ್ಲಿ ಗಂಟಾಗಿ ಕೂರುತ್ತದಂತೆ, ಮನಸಾರೆ ಕ್ಷಮಿಸಿದ ದಿನ ಅದು ಬಿಚ್ಚಿಕೊಳ್ಳುತ್ತದಂತೆ, ಆಮೇಲೆ ಮಾತ್ರೆ ಬೇಕಾಗಿಲ್ಲವಂತೆ.

ಬೆಳಗಿನ ಎಂಟು ಗಂಟೆಗೆ ಮೊದಲು ಮೊಬೈಲಿಗೆ ಬರುವ ಯಾವ ಉಪದೇಶವನ್ನೂ ತೆರೆಯಬೇಡಿ ಎಂದು ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ. ಕಳುಹಿಸುವವರಿಗೆ ಪುಣ್ಯ, ನೋಡುವವರಿಗೆ ದಿನವಿಡೀ ಕಿರಿಕಿರಿ. ಅದು ಹಾಗಿರಲಿ.

ಪತ್ರದ ಮೂರನೆಯ ಪುಟದಲ್ಲಿ, ಮಾತ್ರೆಗಳ ಪಟ್ಟಿಗೂ ನಿದ್ದೆ ಬಾರದ ದೂರಿಗೂ ನಡುವೆ, ನೀವು ಹೀಗೆ ಬರೆದಿದ್ದೀರಿ: ‘ಮಗಳು ತುಂಬಾ ಒಳ್ಳೆಯವಳು. ಕೆಲಸ ಸಿಕ್ಕಿದ ಮೊದಲ ಸಂಬಳದಲ್ಲಿ ಬಚ್ಚಲುಮನೆಗೆ ಸ್ಟೀಲ್ ಹಿಡಿಕೆ ಹಾಕಿಸಿ, ರಬ್ಬರ್ ಮ್ಯಾಟ್ ತಂದು ಹಾಸಿದಳು. ನಾನು ಅಲ್ಲೇ ಬಿದ್ದದ್ದೆಂದು ಅವಳಿಗೆ ಹೇಳಿದ್ದೇವಲ್ಲ.’

ಹೇಳಿದ್ದೇವಲ್ಲ! ಅಷ್ಟು ಬರೆದು ಮುಂದಿನ ಸಾಲಿನಲ್ಲೇ ಬಿಸಿನೀರಿನ ಚೀಲದ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಮಾತ್ರ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಪತ್ರವನ್ನು ಮತ್ತೆ ಮೊದಲಿನಿಂದ ಓದಿ, ಅಲ್ಲೊಂದು ಇಲ್ಲೊಂದು ಬಿದ್ದಿದ್ದ ಮಾತುಗಳನ್ನು ಜೋಡಿಸಿಕೊಂಡೆ. ರಸ್ತೆ ಅಪಘಾತವೆಂದು ಹೇಳಿದರೆ ಆಸ್ಪತ್ರೆಯವರು ಅದನ್ನು ಮೆಡಿಕೋ ಲೀಗಲ್ ಪ್ರಕರಣವೆಂದು ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಪೊಲೀಸರು ಬಂದರೆ ಹುಡುಗನ ರಕ್ತ ಪರೀಕ್ಷೆಯಾಗುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿದ್ದರೆ ಮೊಕದ್ದಮೆ. ಹುಡುಗನಿಗೆ ಸರ್ಕಾರಿ ಕೆಲಸದ ಆದೇಶ ಬರುವುದರಲ್ಲಿತ್ತು. ಆದ್ದರಿಂದ ಸ್ಟ್ರೆಚರ್ ಮೇಲೆ ಮಲಗಿದ್ದ ನಿಮ್ಮ ತಲೆಯ ಬಳಿ ನಿಂತು ನಿಮ್ಮ ಗಂಡ ‘ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು’ ಎಂದು ಬರೆಸಿದರು. ನೀವು ಹೂಂ ಎಂದಿರಿ. ಹನ್ನೆರಡು ವರ್ಷದ ಮಗಳು ಪರೀಕ್ಷೆಯೆಂದು ಊರಿನಲ್ಲೇ ಉಳಿದಿದ್ದಳು, ಅವಳಿಗೂ ಅದನ್ನೇ ಹೇಳಿದಿರಿ. ಆಮೇಲೆ ನೋಡಿದ ವೈದ್ಯರಿಗೂ ಅದೇ, ಫಿಸಿಯೋಥೆರಪಿಯವರಿಗೂ ಅದೇ, ಕೊನೆಗೆ ಮನೆಗೆ ಸೊಸೆಯಾಗಿ ಬಂದ ಓರಗಿತ್ತಿಗೂ ಅದೇ.

ಇನ್ನು ಹೇಳಿ. ಯಾವುದನ್ನು ಕ್ಷಮಿಸಬೇಕೆಂದು ನಿಮ್ಮ ನಾದಿನಿ ಕೇಳುತ್ತಿದ್ದಾರೆ? ಆಸ್ಪತ್ರೆಯ ಕಾಗದದ ಪ್ರಕಾರ, ನಿಮ್ಮ ಮಗಳ ನೆನಪಿನ ಪ್ರಕಾರ, ಮೈದುನ ಏನನ್ನೂ ಮಾಡಿಲ್ಲ. ನೀರು ಚೆಲ್ಲಿದ್ದ ನೆಲ ಮಾಡಿತು. ನಡೆದೇ ಇಲ್ಲ ಎಂದು ಮನೆಮಂದಿಯೆಲ್ಲ ಸೇರಿ ನಿರ್ಧರಿಸಿದ ಒಂದು ಕೃತ್ಯವನ್ನು ನೀವೊಬ್ಬರೇ, ಒಳಗೊಳಗೇ, ಯಾರಿಗೂ ಕಾಣದ ಹಾಗೆ ಮನ್ನಿಸಿ, ಮೇಲೆ ನಗುನಗುತ್ತಾ ಹೋಗಿ ಹಾಲುಕ್ಕಿಸಿ ಬರಬೇಕು. ಮುಳ್ಳನ್ನು ಒಳಗೇ ಬಿಟ್ಟು ಮೇಲೆ ಅರಿಶಿನ ಹಚ್ಚಿದಂತೆ ಇದು.

ನಿಮ್ಮ ಗಂಡನ ಬಗ್ಗೆ ನಾಲ್ಕು ಪುಟದಲ್ಲಿ ಒಂದು ದೂರೂ ಇಲ್ಲ. ‘ದೇವರಂಥ ಮನುಷ್ಯ, ರಾತ್ರಿ ಎಷ್ಟು ಹೊತ್ತಿಗೆ ಎಬ್ಬಿಸಿದರೂ ಬಿಸಿನೀರಿನ ಚೀಲ ತುಂಬಿಸಿಕೊಡುತ್ತಾರೆ’ ಎಂದಿದ್ದೀರಿ. ತುಂಬಿಸಲಿ, ಒಳ್ಳೆಯದೇ. ಆದರೆ ಕುಡಿದು ತೂರಾಡುತ್ತಿದ್ದವನ ಹಿಂದೆ ಹೆಂಡತಿಯನ್ನು ಹತ್ತಿಸಿದವರು ಅವರು. ಕಾರಿನಲ್ಲಿ ಯಾರಿದ್ದರೆಂದು ನೀವೇ ಬರೆದಿದ್ದೀರಿ: ಅತ್ತೆ, ನಾದಿನಿ, ನಾದಿನಿಯ ಮಕ್ಕಳಿಬ್ಬರು, ಸೀಟಿನ ಮೇಲೆ ಮಿಕ್ಕ ಬಾಡೂಟದ ಪಾತ್ರೆ. ಪಾತ್ರೆಗೆ ಜಾಗವಿತ್ತು! ಸುಳ್ಳನ್ನು ಬರೆಸಿದವರೂ ಅವರೇ. ತಮ್ಮನನ್ನು ಕಾಪಾಡಿದ್ದು ಅಣ್ಣನ ಕರ್ತವ್ಯವೆಂದು ಒಪ್ಪಿಕೊಳ್ಳೋಣ. ಆಮೇಲಿನ ಹನ್ನೊಂದು ವರ್ಷದಲ್ಲಿ ಒಂದು ಸಂಜೆಯಾದರೂ ತಮ್ಮನನ್ನು ಕರೆದು ‘ಅತ್ತಿಗೆಯ ಹತ್ತಿರ ಹೋಗಿ ಮಾತನಾಡು’ ಎನ್ನುವುದು ಯಾರ ಕರ್ತವ್ಯವಾಗಿತ್ತು? ಬಿಸಿನೀರಿನ ಚೀಲದ ಹಿಂದೆ ಅವರು ಎಷ್ಟು ಆರಾಮವಾಗಿ ಅಡಗಿಕೊಂಡಿದ್ದಾರೆ ಎಂಬುದು ನಿಮಗೆ ಕಾಣುತ್ತಿಲ್ಲ, ನನಗೆ ಕಾಣುತ್ತಿದೆ.

ಮೈದುನನ ಮೇಲೆ ನನಗೆ ಅಷ್ಟು ಕೋಪವಿಲ್ಲ ಎಂದರೆ ನಿಮಗೆ ಬೇಸರವಾಗಬಹುದು. ತಪ್ಪು ಅವನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಹೆದರಿ ನಡುಗುತ್ತಿದ್ದವನಿಗೆ ಹಿರಿಯರೆಲ್ಲ ಸೇರಿ ‘ಇಂಥದ್ದೊಂದು ನಡೆದೇ ಇಲ್ಲ’ ಎಂದು ಕಲಿಸಿಕೊಟ್ಟರು. ಅವನು ಚೆನ್ನಾಗಿ ಕಲಿತ. ಇನ್ನು ತಪ್ಪಾಯಿತು ಎನ್ನಬೇಕಾದರೆ ಅವನು ಅಣ್ಣನ ಸುಳ್ಳನ್ನೂ ಒಡೆಯಬೇಕಾಗುತ್ತದೆ. ಆಹ್ವಾನ ಪತ್ರಿಕೆ ಹಿಡಿದು ಬಂದ ಓರಗಿತ್ತಿಯಂತೂ ಪೂರ್ತಿ ನಿರಪರಾಧಿ. ಅತ್ತ ಮುಖ ತಿರುಗಿಸಿದ ನಿಮ್ಮನ್ನು ಕಂಡು ಅವಳು ಆಸ್ತಿಯ ವಿಷಯವೇನೋ ಎಂದುಕೊಂಡಿರುತ್ತಾಳೆ.

ಈಗ ವಿಡಿಯೊದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದು ಪೂರ್ತಿ ಸುಳ್ಳಲ್ಲ. ಅರ್ಧ ನಿಜವಾದದ್ದರಿಂದಲೇ ಅದು ನಿಮ್ಮನ್ನು ಇಷ್ಟು ಕಾಡುತ್ತಿದೆ.

ಮೂರು ತಿಂಗಳು ದಾಟಿಯೂ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಮೂಳೆ ಕೂಡಿಕೊಂಡ ಮೇಲೂ ನರಗಳು ಮತ್ತು ಬೆನ್ನುಹುರಿ ಎಚ್ಚರದ ಸ್ಥಿತಿಯಿಂದ ಇಳಿಯದೆ ಉಳಿಯಬಹುದು; ಬೆನ್ನಿನ ಶಸ್ತ್ರಚಿಕಿತ್ಸೆಯಾದ ಅನೇಕರಲ್ಲಿ ಹೀಗಾಗುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ನೋವೇ ಇಲ್ಲವೆಂದಲ್ಲ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಿದೆಯೆಂದು ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಸೇರಿಸಿತು. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ.

ಇನ್ನು ಸಿಟ್ಟು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಬರ್ನ್ಸ್ ಅವರು ದೀರ್ಘಕಾಲದ ಬೆನ್ನುನೋವಿನವರನ್ನು ಪ್ರಯೋಗಾಲಯದಲ್ಲಿ ಕೂರಿಸಿ, ಸಿಟ್ಟು ಬಂದ ಪ್ರಸಂಗವೊಂದನ್ನು ನೆನೆಸಿಕೊಳ್ಳಲು ಹೇಳಿ, ಸ್ನಾಯುಗಳ ಬಿಗಿತವನ್ನು ಅಳೆದಿದ್ದಾರೆ. ಸೊಂಟದ ಬಳಿಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಇಲ್ಲಿಯವರೆಗೆ ನಾದಿನಿಯ ವಿಡಿಯೊ ಗೆದ್ದಿತು. ಆದರೆ ಅದೇ ಬರ್ನ್ಸ್ ಮತ್ತು ಸಂಗಡಿಗರು 2008ರಲ್ಲಿ ಇನ್ನೊಂದನ್ನೂ ತೋರಿಸಿದರು: ಕೆಣಕಿ ಸಿಟ್ಟು ಬರಿಸಿ, ಅದನ್ನು ಹೊರಗೆ ತೋರಗೊಡಬೇಡಿ ಎಂದು ಹೇಳಿದಾಗ, ಸಿಟ್ಟನ್ನು ನುಂಗಿಕೊಂಡವರು ಆಮೇಲೆ ಹೆಚ್ಚು ನೋವು ಪಟ್ಟರು. ನಿಮ್ಮ ಮನೆಯಲ್ಲಿ ಕ್ಷಮೆ ಎಂಬ ಹೆಸರಿನಲ್ಲಿ ನಡೆಯುತ್ತಿರುವುದು ಈ ಎರಡನೆಯ ಪ್ರಯೋಗ, ಅದೂ ಹನ್ನೊಂದು ವರ್ಷದಿಂದ.

ಕ್ಷಮಿಸುವ ಸ್ವಭಾವದವರಿಗೆ ನೋವು ಕಡಿಮೆ ಎಂದು ಹೇಳುವ ಅಧ್ಯಯನವೂ ಇದೆ. 2005ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕಾರ್ಸನ್ ಮತ್ತು ಸಂಗಡಿಗರು ಬೆನ್ನುನೋವಿನ 61 ಮಂದಿಯನ್ನು ಪ್ರಶ್ನಿಸಿ, ಹೆಚ್ಚು ಕ್ಷಮಿಸಬಲ್ಲವರಲ್ಲಿ ನೋವು, ಕೋಪ, ಮನಸ್ಸಿನ ಕ್ಲೇಶ ಎಲ್ಲವೂ ಕಡಿಮೆಯೆಂದು ಕಂಡುಕೊಂಡರು. ಪ್ರವಚನಕಾರರ ಕೈಗೆ ಸಿಕ್ಕರೆ ಇದು ಬ್ರಹ್ಮಾಸ್ತ್ರವಾಗುತ್ತದೆ. ಆದರೆ ಒಮ್ಮೆ ಮಾತ್ರ ಕೇಳಿ ತಿಳಿದ ಸಂಗತಿ ಇದು. ಕ್ಷಮಿಸಿದ್ದರಿಂದ ನೋವು ಇಳಿಯಿತೋ, ನೋವು ಕಡಿಮೆ ಇದ್ದದ್ದರಿಂದ ಕ್ಷಮಿಸುವುದು ಸುಲಭವಾಯಿತೋ ಅದರಿಂದ ತಿಳಿಯುವುದಿಲ್ಲ. ನೆಮ್ಮದಿಯಾಗಿ ನಿದ್ದೆ ಬಂದ ಮರುದಿನ ನಾವೆಲ್ಲರೂ ಉದಾರಿಗಳೇ.

ನನಗೆ ಇವೆಲ್ಲಕ್ಕಿಂತ ನಿಮ್ಮ ಪತ್ರಕ್ಕೆ ಹತ್ತಿರವೆನ್ನಿಸುವುದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕಲ್ ಸಲಿವನ್ ಅವರ ಕೆಲಸ. ಗಾಯಗೊಂಡು ನೋವಿನಲ್ಲಿ ಉಳಿದವರಿಗಾಗಿ ಅವರು 2008ರಲ್ಲಿ 12 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಬೇರೆ ಯಾರದೋ ಅಜಾಗರೂಕತೆಯಿಂದ ನಾನು ನರಳುತ್ತಿದ್ದೇನೆ. ನನ್ನ ಸ್ಥಿತಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿಲ್ಲವೇನೋ. ಬೆಲೆಕಟ್ಟಲಾಗದ ಏನನ್ನೋ ನನ್ನಿಂದ ಕಸಿದುಕೊಂಡಿದ್ದಾರೆ. ಇಂಥ ಮಾತುಗಳು ಎಷ್ಟು ಸಲ ಮನಸ್ಸಿಗೆ ಬರುತ್ತವೆ ಎಂದು ಅದು ಕೇಳುತ್ತದೆ. ಇದರಲ್ಲಿ ಹೆಚ್ಚು ಅಂಕ ಬಂದವರಲ್ಲಿ ನೋವೂ ಹೆಚ್ಚು, ಚೇತರಿಕೆಯೂ ನಿಧಾನ ಎಂದು ಮತ್ತೆ ಮತ್ತೆ ಕಂಡುಬಂದಿದೆ. ಅನ್ಯಾಯವಾಯಿತು ಎಂಬ ಭಾವ ನೋವನ್ನು ಹೆಚ್ಚಿಸಬಲ್ಲದು, ಸರಿ. ಅದಕ್ಕೆ ಮದ್ದು ಅನ್ಯಾಯವಾದವರ ಬಾಯಿ ಮುಚ್ಚಿಸುವುದು ಎಂದು ನಿಮ್ಮ ನಾದಿನಿಗೆ ಯಾರು ಹೇಳಿದರು? ಆದ ಅನ್ಯಾಯವನ್ನು ಒಬ್ಬರಾದರೂ ಹೌದು ಎಂದು ಒಪ್ಪಿಕೊಂಡರೆ ಮನಸ್ಸಿಗೆ ಏನಾಗುತ್ತದೆಂದು ನಿಮ್ಮ ಮನೆಯಲ್ಲಿ ಇನ್ನೂ ಯಾರೂ ಪರೀಕ್ಷಿಸಿ ನೋಡಿಲ್ಲ.

ಕ್ಷಮೆಯನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾಬರ್ಟ್ ಎನ್‌ರೈಟ್ ಅದನ್ನು ನಾಲ್ಕು ಘಟ್ಟಗಳಲ್ಲಿ ವಿವರಿಸುತ್ತಾರೆ. ಮೊದಲ ಘಟ್ಟವೇ ಮುಚ್ಚಿಟ್ಟದ್ದನ್ನು ತೆರೆದು ನೋಡುವುದು, ತನ್ನ ಕೋಪವನ್ನು ಕೋಪವೆಂದೇ ಗುರುತಿಸುವುದು. ಕ್ಷಮಿಸಬೇಕೋ ಬೇಡವೋ ಎಂಬ ತೀರ್ಮಾನ ಅದಾದ ಮೇಲಿನದು. ಕ್ಷಮಿಸಿದರೂ ರಾಜಿಯಾಗಲೇಬೇಕೆಂದಿಲ್ಲ, ಮಾಡಿದ್ದು ಸರಿ ಎಂದು ಒಪ್ಪಬೇಕಾಗಿಯೂ ಇಲ್ಲ ಎಂದು ಅವರು ಒತ್ತಿ ಹೇಳುತ್ತಾರೆ. ನಿಮ್ಮನ್ನು ಮಾತ್ರ ನೇರವಾಗಿ ಹಾಲುಕ್ಕಿಸುವ ಘಟ್ಟಕ್ಕೇ ಹತ್ತಿಸುತ್ತಿದ್ದಾರೆ.

ಅಷ್ಟು ದೂರ ಹೋಗುವುದೂ ಬೇಡ. ನಿಮ್ಮ ಜಿಲ್ಲೆಯ ಶ್ರವಣಬೆಳಗೊಳದ ಕಡೆಯ ಜೈನರನ್ನು ಕೇಳಿ. ಭಾದ್ರಪದದಲ್ಲಿ ಅವರಿಗೆ ದಶಲಕ್ಷಣ ಪರ್ವ, ಹತ್ತು ದಿನಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆಯ ದಿನ. ಪರ್ವ ಮುಗಿದ ಮೇಲೆ ಕ್ಷಮಾವಣಿ. ಅಂದು ನೆಂಟರು, ನೆರೆಯವರು, ಜೊತೆಗೆ ವ್ಯಾಪಾರ ಮಾಡುವವರು, ಎಲ್ಲರ ಬಳಿಗೂ ಹೋಗಿ ಕೈಮುಗಿದು, ತಿಳಿದೋ ತಿಳಿಯದೆಯೋ ನನ್ನಿಂದ ನೋವಾಗಿದ್ದರೆ ಕ್ಷಮಿಸಿ ಎಂದು ಕೇಳುತ್ತಾರೆ. ಕೇಳುವವರು ತಮ್ಮ ಕಾಲ ಮೇಲೆ ನಡೆದು ಬರುತ್ತಾರೆ. ನೊಂದವರ ಮನೆಗೆ ಮೂರನೆಯವರು ಬಂದು ‘ನೀನು ಇನ್ನೂ ಕ್ಷಮಿಸಿಲ್ಲವೇ’ ಎಂದು ವಿಚಾರಣೆ ನಡೆಸುವ ಪದ್ಧತಿ ಅಲ್ಲಿಲ್ಲ. ನಮ್ಮ ಸಂಸಾರಗಳಲ್ಲಿ ಮಾತ್ರ ತಪ್ಪು ಮಾಡುವುದು ಯಾರೇ ಆಗಿರಲಿ, ಮನ್ನಿಸುವ ಖಾತೆಯನ್ನು ಹೆಂಗಸರಿಗೆ ಕಾಯಂ ಆಗಿ ವಹಿಸಿಬಿಟ್ಟಿದ್ದಾರೆ. ಈ ಮಾತನ್ನು ನಾನು ಹಿಂದೆಯೂ ಬರೆದಿದ್ದೇನೆ, ಬೈಗುಳದ ಪತ್ರಗಳೂ ಬಂದಿವೆ. ಇನ್ನೂ ಬರಲಿ.

ಮಾತ್ರೆಯ ವಿಷಯ ಬೇಗ ಮುಗಿಸುತ್ತೇನೆ. ನೀವು ತೆಗೆದುಕೊಳ್ಳುತ್ತಿರುವ ಪ್ರಿಗ್ಯಾಬಲಿನ್ ನರದ ನೋವಿಗೆ ಕೊಡುವ ಔಷಧ. ವಿಡಿಯೊ ನೋಡಿ ಅದನ್ನು ಒಮ್ಮೆಗೇ ನಿಲ್ಲಿಸಿದರೆ ನಿದ್ದೆಗೇಡು, ಚಡಪಡಿಕೆ, ವಾಕರಿಕೆ ಶುರುವಾಗಬಹುದು. ಕಡಿಮೆ ಮಾಡುವುದಾದರೆ ವೈದ್ಯರು ಹೇಳಿದ ಹಾಗೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ನೋವು ಚಿಕಿತ್ಸಾ ವಿಭಾಗಗಳಿವೆ, ಒಮ್ಮೆ ತೋರಿಸಿ. ಅಲ್ಲಿ ಬೈಕಿನಿಂದ ಬಿದ್ದದ್ದೆಂದು ಹೇಳಿ. ಬಿದ್ದ ವೇಗ, ಬಿದ್ದ ರೀತಿ ತಿಳಿಯದೆ ಇಷ್ಟು ವರ್ಷ ಎಲ್ಲರೂ ಬೇರೆ ಯಾರದೋ ಬೆನ್ನನ್ನು ಊಹಿಸಿಕೊಂಡು ನಿಮಗೆ ಚಿಕಿತ್ಸೆ ಕೊಟ್ಟಿದ್ದಾರೆ. ನಡುರಾತ್ರಿ ಎಚ್ಚರವಾಗಿ ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ನೀವು ಹತ್ತು ಪ್ರಶ್ನೆ ಕೇಳಿದ್ದೀರಿ: ಹೋಗಬೇಕೇ, ಉಡುಗೊರೆ ಕೊಡಬೇಕೇ, ಮಾತನಾಡಿಸಬೇಕೇ, ಧ್ಯಾನ ಮಾಡಬೇಕೇ. ನಾನು ಹೇಳುವುದು ಒಂದೇ. ಗೃಹಪ್ರವೇಶಕ್ಕೆ ಮುಂಚೆ, ನಿಮ್ಮ ಗಂಡ, ನಿಮ್ಮ ಎದುರಿನಲ್ಲಿ, ಮಗಳಿಗೆ ನಿಜ ಹೇಳಬೇಕು.

ನೀವಲ್ಲ, ಅವರು. ನೀವು ಹೇಳಿದರೆ ಅದು ದೂರಾಗುತ್ತದೆ, ಮರುದಿನ ನಾದಿನಿ ಅದಕ್ಕೊಂದು ವಿಡಿಯೊ ಕಳುಹಿಸುತ್ತಾರೆ. ಹೇಳಬೇಕಾದ ಮಾತು ಉದ್ದವೇನಿಲ್ಲ: ‘ನಿನ್ನ ಅಮ್ಮ ಬಚ್ಚಲುಮನೆಯಲ್ಲಿ ಬೀಳಲಿಲ್ಲ. ಕುಡಿದಿದ್ದ ನಿನ್ನ ಚಿಕ್ಕಪ್ಪನ ಬೈಕಿನಿಂದ ಬಿದ್ದಳು. ಆ ಬೈಕಿಗೆ ಅವಳನ್ನು ಹತ್ತಿಸಿದವನು ನಾನು. ಸುಳ್ಳು ಬರೆಸಿದವನೂ ನಾನೇ.’ ಇಷ್ಟು. ಅವರು ಹೇಳುವಾಗ ‘ಅಪ್ಪನದೇನೂ ತಪ್ಪಿಲ್ಲ ಪುಟ್ಟಿ’ ಎಂದು ನೀವು ನಡುವೆ ಬಾಯಿ ಹಾಕಬಾರದು. ಹಾಕುವವರೇ ನೀವು, ಪತ್ರ ನೋಡಿದರೆ ಗೊತ್ತಾಗುತ್ತದೆ. ಅತ್ತೆಗೆ ವಯಸ್ಸಾಗಿದೆ, ಶುಭಕಾರ್ಯದ ಮುಂದೆ ಬೇಡ, ಮಗಳಿಗೆ ಆಘಾತವಾದೀತು ಎಂದೆಲ್ಲ ಅವರು ಹೇಳುತ್ತಾರೆ. ಮಗಳಿಗೆ ಇಪ್ಪತ್ತಮೂರು ವರ್ಷ. ಜಾರದ ನೆಲಕ್ಕೆ ತನ್ನ ಸಂಬಳ ಸುರಿದ ಹುಡುಗಿ ಅವಳು, ನಿಜವನ್ನು ತಾಳಿಕೊಳ್ಳುತ್ತಾಳೆ. ಅಪ್ಪನ ಮೇಲೆ ನಾಲ್ಕು ದಿನ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಆ ಮುನಿಸನ್ನು ಹೊರುವ ಸರದಿ ಈಗ ಅವರದು.

ಮಗಳು ಬೆಂಗಳೂರಿನಲ್ಲಿ ಇದ್ದಾಳೆ, ಊರಿಗೆ ಬರುವುದು ತಿಂಗಳಿಗೊಮ್ಮೆ ಎಂದಿದ್ದೀರಿ. ಈ ಭಾನುವಾರವೇ ಕರೆಸಿಕೊಳ್ಳಿ. ರಜೆ ಸಿಗದಿದ್ದರೆ ಫೋನನ್ನು ಸ್ಪೀಕರಿಗೆ ಹಾಕಿ ಗಂಡನ ಕೈಗೆ ಕೊಡಿ.

ಅದಾದ ಮೇಲೆ ಮೈದುನನನ್ನು ಕ್ಷಮಿಸುತ್ತೀರೋ ಬಿಡುತ್ತೀರೋ ನಿಮ್ಮ ಇಷ್ಟ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಗೃಹಪ್ರವೇಶಕ್ಕೆ ಹೋಗಬೇಕೆನ್ನಿಸಿದರೆ ಹೋಗಿ, ದಿಂಬು ತೆಗೆದುಕೊಂಡು ಹೋಗಿ, ಓರಗಿತ್ತಿಯನ್ನು ಮಾತನಾಡಿಸಿ. ಹಾಲುಕ್ಕಿಸುವುದು ಮಾತ್ರ ಬೇಡ. ನೆಲದ ಮೇಲಿಟ್ಟ ಒಲೆಯ ಮುಂದೆ ಬಗ್ಗಬೇಕಾಗುತ್ತದೆ, ನಿಮಗೆ ಬಗ್ಗಬಾರದೆಂದು ವೈದ್ಯರು ಹೇಳಿದ್ದಾರೆ. ನಾದಿನಿ ಉಕ್ಕಿಸಲಿ, ಅವರ ಬೆನ್ನು ಗಟ್ಟಿಯಾಗಿದೆ.